ಬಿಸಿಲು ಬಂದದ, ಹೊರಗ ಬಾ!

ನಮ್ಮ ಭಾವ ಅಕ್ಕನ ಮಾತನ್ನು ಮೀರಿಯಾರು, ಬಾಸಿಗೆ ಸುಳ್ಳು ಹೇಳಿಯಾರು. ಆದರೆ ನಾವಿರುವ ಆಮರ್ಸ್‌ಫೋರ್ಟಿನಲ್ಲಿ ಚಳಿಗಾಲದ ಬಿಸಿಲು ಬಿದ್ದಾಗ ಮನೆಯೊಳಗೆ ಕೂತವರೇ ಅಲ್ಲ! ಒಮ್ಮೆ ಮನೆಯಿಂದಲೇ ಮಾಡುತ್ತಿದ್ದ ಆಫೀಸಿನ ಮೀಟಿಂಗಿನ ನಡುವೆ ಮೋಡ ಸರಿಯಿತು. "ಕರೆಂಟ್ ಹೋಯ್ತು" ಎಂದು ಲ್ಯಾಪ್‌ಟಾಪ್ ಮುಚ್ಚಿ ಹೊರಗೋಡಿದರು. ನೆದರ್ಲೆಂಡ್ಸಿನಲ್ಲಿ ಕರೆಂಟ್ ಹೋಗುವುದೇ? ಬಾಸ್ ಗಾಬರಿಯಾಗಿ ಊರೆಲ್ಲ ವಿಚಾರಿಸಿದನಂತೆ.

ಹುಟ್ಟಿದ್ದು ರಾಯಚೂರಿನಲ್ಲಿ. ಅಲ್ಲಿದ್ದಾಗ ಮಧ್ಯಾಹ್ನ ಅಂಗಡಿಗೆ ಹೋಗಿ ಬಾ ಎಂದರೆ ಇವರಿಗೆ ಜ್ವರವೇ ಬರುತ್ತಿತ್ತಂತೆ. ಸೂರ್ಯನನ್ನು ಬಾಯಿಗೆ ಬಂದಂತೆ ಬೈದು ವಿಮಾನ ಹತ್ತಿದ ಮನುಷ್ಯ, ಇಲ್ಲಿನ ಮೊದಲ ಡಿಸೆಂಬರಿನಲ್ಲೇ ಶರಣಾಗತ! ಬೀದಿಯ ಈಚೆ ನಮ್ಮ ಮನೆ, ಆಚೆ ಮೇಲಿನ ಮಹಡಿಯಲ್ಲಿ ಅವರದು. ಬಿಸಿಲು ಬಂತೋ, ನನಗೆ ಫೋನು. "ತಂಗಿ, ಬಿಸಿಲು ಬಂದದ! ಹೊರಗ ಬಾ! ಸ್ನಾನ ಆಮೇಲೆ ಮಾಡೀಯಂತ!"

ಅವರ ಮನೆಯಲ್ಲಿ ಊಟದ ಮೇಜಿಗೆ ಚಕ್ರಗಳಿವೆ. ಭಾನುವಾರ ಊಟಕ್ಕೆ ಹೋದರೆ ಬಿಸಿಲು ಸರಿದಂತೆ ನಾವೂ ಸರಿಯಬೇಕು. ಪಲ್ಯ ಬಡಿಸಿಕೊಂಡದ್ದು ಅಡುಗೆಮನೆಯಲ್ಲಿ, ಮಜ್ಜಿಗೆ ಕುಡಿದದ್ದು ಮಲಗುವ ಕೋಣೆಯಲ್ಲಿ!

ಒಂದು ಶನಿವಾರ ಮೊಬೈಲು ಒಂದು ಗಂಟೆ ದೂರದ ಹಾರ್ಲೆಮ್‌ನಲ್ಲಿ ಬಿಸಿಲಿದೆ ಎಂದಿತು. ಅಕ್ಕ "ರೀ, ತರಕಾರಿ ತರ್ಬೇಕು" ಎನ್ನುವಷ್ಟರಲ್ಲಿ ಇವರು ರೈಲಿನಲ್ಲಿದ್ದರು. ಅಲ್ಲಿ ಇಳಿದರೆ ಜಿಟಿಜಿಟಿ ಮಳೆ. ಅದೇ ಹೊತ್ತಿಗೆ ಅಕ್ಕ ತಮ್ಮ ಬಾಲ್ಕನಿಯಲ್ಲಿ ತಂಪು ಕನ್ನಡಕ ಹಾಕಿಕೊಂಡು ಫೋಟೋ ತೆಗೆದು ಕಳಿಸಿದಳು. ಭಾವ ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ.

ಇನ್ನೊಮ್ಮೆ ಪೇಟೆಯಲ್ಲಿ, ಬಾಗಿಲು ಹಾಕಿದ್ದ ಅಂಗಡಿಯ ಮುಂದೆ ಚಾಪೆಯಷ್ಟಗಲ ಬಿಸಿಲು ಬಿದ್ದಿತ್ತು. ಭಾವ ಕಣ್ಣು ಮುಚ್ಚಿ ಅದರಲ್ಲಿ ನಿಂತರು. ಡಚ್ಚರು ಸಾಲು ಕಂಡರೆ ಬಿಡುತ್ತಾರೆಯೇ? ಒಬ್ಬರ ಹಿಂದೊಬ್ಬರು ಬಂದು ನಿಂತರು! ಕೊನೆಗೆ ಒಬ್ಬ ಅಜ್ಜಿ ಇವರ ಭುಜ ತಟ್ಟಿ, ಇಲ್ಲೇನು ಕೊಡುತ್ತಾರೆ ಎಂದು ಕೇಳಿದಳು. ಭಾವ ಆಕಾಶ ತೋರಿಸಿ "ಝೊನ್" ಎಂದರು. ಅವರ ಡಚ್ಚಿನಲ್ಲಿ ಸರಿಯಾಗಿ ಬರುವ ಪದ ಅದೊಂದೇ, ಸೂರ್ಯ. ಅಜ್ಜಿ ತಲೆಯಾಡಿಸಿ, ಸ್ಕಾರ್ಫ್ ಸಡಿಲಿಸಿ, ಅಲ್ಲೇ ನಿಂತಳು.

ಹೋದ ಜನವರಿಯಲ್ಲಿ ನಾನು ಮಂಜುಗಟ್ಟಿದ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡೆ. ನಮ್ಮ ಮನೆಯ ಕಿಟಕಿಗಳೆಲ್ಲ ಉತ್ತರಕ್ಕೆ. ಗಂಡ ಆಫೀಸಿಗೆ ಹೋದ ಮೇಲೆ ಸೋಫಾದ ಮೇಲೆ ನಾನು, ನನ್ನ ಪ್ಲಾಸ್ಟರು, ಹಗಲಲ್ಲೂ ಉರಿಯುವ ದೀಪ. ಕಾರಣವಿಲ್ಲದೆ ಅಳು ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಅಕ್ಕ ಕೊಟ್ಟ ಸಾರಿನ ಡಬ್ಬಿ ಹಿಡಿದು ಒಂದು ದಿನ ಭಾವ ಬಂದರು. ನನ್ನ ಮುಖ ನೋಡಿದರು. ಕಿಟಕಿ ನೋಡಿದರು.

"ಇಲ್ಲಿ ಬಿಸಿಲು ಬರಂಗೇ ಇಲ್ಲೇನ?"

"ಚಳಿಗಾಲದಲ್ಲಿ ಬರಲ್ಲ ಭಾವ."

ಅವರು ಡಬ್ಬಿಯಿಟ್ಟು ಕೂರದೆಯೇ ಹೊರಟರು. ಬಿಸಿಲಿಲ್ಲದ ಮನೆಯಲ್ಲಿ ಈ ಮಹಾರಾಯರು ಕೂತಾರೆಯೇ!

ಆಮೇಲೆ ಎಷ್ಟೋ ದಿನ ಬರೀ ಮೋಡ. ಒಂದು ಬೆಳಗ್ಗೆ ಎದುರು ಮನೆಗಳ ನೆತ್ತಿ ಬಿಸಿಲಿಗೆ ಬೆಳ್ಳಗಾಯಿತು. ಸರಿ, ಭಾವ ಈಗ ಯಾವ ಊರಿನ ರೈಲು ಹತ್ತಿದರೋ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಮ್ಮ ಗೋಡೆಯ ಮೇಲೆ ಬೆಳಕಿನ ಒಂದು ತುಂಡು ಬಂದು ಬಿತ್ತು. ನಡುಗಿತು, ಕ್ಯಾಲೆಂಡರಿಗೆ ಡಿಕ್ಕಿ ಹೊಡೆಯಿತು, ಸೋಫಾ ಹತ್ತಿತು, ನನ್ನ ಮುಖದ ಮೇಲೆ ನಿಂತಿತು. ಬೆಚ್ಚಗಿತ್ತು. ಫೋನು ಬಂತು. ಮಾತಾಡಿದವಳು ಅಕ್ಕ.

"ಬಂತೇನೇ? ನಿಮ್ಮ ಭಾವ ಬೀರುವಿನ ಕನ್ನಡಿ ಬಿಚ್ಚಿಕೊಂಡು ಬಾಲ್ಕನಿಗೆ ಹೋಗಿ ನಿಂತಿದ್ದಾರೆ ಕಣೇ. ಚಳಿ ಕೊರೀತಿದೆ, ಒಳಗೆ ಬನ್ನಿ ಅಂದ್ರೆ ಬರ್ತಿಲ್ಲ."

ಹಿಂದಿನಿಂದ ಭಾವನ ದನಿ: "ಆಕಿಗೆ ಮಾತಾಡಬ್ಯಾಡ ಅನ್ನು! ಮುಖ ಕೊಟ್ಟು ಸುಮ್ನ ಕೂಡಂತ ಹೇಳು! ಈಗ ಹೊಂಟು ಹೋಗ್ತದ ಅದು!"

ಕಣ್ಣಿಗೆ ಕೈ ಅಡ್ಡ ಹಿಡಿದು ಎದುರಿನ ಬಾಲ್ಕನಿ ನೋಡಿದೆ. ಆಳೆತ್ತರದ ಕನ್ನಡಿಯೊಂದು ಧಗಧಗ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಹತ್ತು ಬೆರಳು ಮಾತ್ರ ಕಾಣುತ್ತಿದ್ದವು. ಭಾವ ಕನ್ನಡಿಯ ಹಿಂದೆ, ನೆರಳಿನಲ್ಲಿ ನಿಂತಿದ್ದರು.