ಭಾವನ ಕಂಕುಳ ಪ್ರಯೋಗಾಲಯ

ನಮ್ಮ ಭಾವನನ್ನು ಕಂಡರೆ ದಯವಿಟ್ಟು ಅಪ್ಪಿಕೊಳ್ಳಬೇಡಿ. ಅವರ ಎಡ ಕಂಕುಳಲ್ಲಿ ಪ್ರಯೋಗಾಲಯವಿದೆ!

ತಮಾಷೆಯಲ್ಲ. ಆನವಟ್ಟಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಈ ಮನುಷ್ಯ, ಕ್ಯಾಸನೂರಿನ ಪಕ್ಕದ ತಮ್ಮ ಊರಿನಲ್ಲಿ ಕೂತು ಮಂಗನ ಕಾಯಿಲೆ ಪತ್ತೆಮಾಡುವ ಕಾಗದ ತಯಾರಿಸುತ್ತಿದ್ದಾರೆ. ನಿರುಪದ್ರವಿ ಬ್ಯಾಕ್ಟೀರಿಯಾದ ಒಳಗಿನ ಸರಕನ್ನು ಹಿಂಡಿ, ಏನನ್ನು ಹುಡುಕಬೇಕೆಂದು ಅದಕ್ಕೆ ಕಲಿಸಿ, ಬೆರಳಗಲದ ಕಾಗದದ ಮೇಲೆ ಒಣಗಿಸುವುದು. ರಕ್ತದ ಹನಿಯಲ್ಲಿ ಹುಡುಕಿದ್ದು ಸಿಕ್ಕರೆ ಕಾಗದ ನೇರಳೆಯಾಗುತ್ತದೆ. ವಿದ್ಯೆ ಶಿವಮೊಗ್ಗದಲ್ಲಿ ಸಂಶೋಧನೆ ಮಾಡುವ ಗೆಳೆಯರದು; ಪಾತ್ರೆ ಪಡಗ ನಮ್ಮ ಅಕ್ಕನ ಅಡುಗೆಮನೆಯದು. ಕುಕ್ಕರಿನಲ್ಲಿ ಸೀಸೆಗಳು ಬೇಯುತ್ತವೆ. ಕಡಗೋಲಿಗೆ ಟ್ಯೂಬು ಕಟ್ಟಿ ಹಗ್ಗ ಎಳೆದರೆ ಗಸಿ ತಳಕ್ಕಿಳಿಯುತ್ತದೆ. ಶಿಕಾರಿಪುರದಿಂದ ಹೋದಾಗಲೆಲ್ಲ ನಾನು ಆ ಮನೆಯ ಮಜ್ಜಿಗೆ ಬೇಡವೆನ್ನುತ್ತೇನೆ. ಗಂಟಲು ಕೆರೆದರೇ ಉಯಿಲಿನ ಯೋಚನೆ ಮಾಡುವವನು ನಾನು!

ಹನಿ ಹಾಕಿದ ಮೇಲೆ ಕಾಗದಕ್ಕೆ ಒಂದಿಷ್ಟು ಹೊತ್ತು ಮೈಬಿಸಿ ಬೇಕಂತೆ. ಅದಕ್ಕೊಂದು ಯಂತ್ರವೂ ಇದೆಯಂತೆ.

"ಯಂತ್ರ ತಗಂಡು ಎಂಥ ಮಾಡದು ಮಾರಾಯ? ನನ್ನ ಕಂಕುಳಿಗೆ ಕರೆಂಟೂ ಬೇಡ!"

"ಕಂಕುಳು ಕೈಕೊಟ್ಟರೆ, ಭಾವ?"

"ನೀನಿದ್ದೀಯಲ್ಲ."

ನಾನು ಅಂದೇ ಸಂಜೆ ಶಿಕಾರಿಪುರಕ್ಕೆ ವಾಪಸು ಬಸ್ಸು ಹಿಡಿದೆ.

ಇಷ್ಟೆಲ್ಲ ಯಾಕೆ ಅಂದಿರಾ? ಹೋದ ವರ್ಷ ಸೊಪ್ಪಿಗೆಂದು ಕಾಡಿಗೆ ಹೋಗಿ ಬಂದ ಅಕ್ಕ ಜ್ವರ ಹಿಡಿದು ಮಲಗಿದಳು. ರಕ್ತ ಪರೀಕ್ಷೆಗೆಂದು ದೂರದ ಊರಿಗೆ ಹೋಯಿತು. ಕಾಡಿನ ಉಣುಗು ಕಚ್ಚಿ ಬರುವ ಈ ಕಾಯಿಲೆಗೆ ನೇರ ಮದ್ದಿಲ್ಲ. ಬೇಗ ಗೊತ್ತಾದರೆ ದೊಡ್ಡಾಸ್ಪತ್ರೆಗೆ ಬೇಗ ಹೋಗಬಹುದು, ಉಳಿದವರು ಕಾಡಿಗೆ ಹೋಗದೆ ಬದುಕಬಹುದು, ಅಷ್ಟೆ. ವರದಿ ಬರಲಿಲ್ಲವೆಂದು ಸುಳ್ಳು ಹೇಳಲಾರೆ. ಬಂತು. ಅವಳ ವೈಕುಂಠ ಸಮಾರಾಧನೆಯ ದಿನ, ಎರಡನೆಯ ಪಂಕ್ತಿಗೆ ಹೋಳಿಗೆ ಬಡಿಸುವಾಗ. ಭಾವ ಫೋನು ನೋಡಿದರು, ಜೇಬಿಗಿಟ್ಟರು, ತುಪ್ಪದ ಮಿಳ್ಳೆ ಹಿಡಿದು ಮುಂದಿನ ಎಲೆಗೆ ಹೋದರು. ಅಷ್ಟರಲ್ಲಿ ಅದೇ ಕೇರಿಯಲ್ಲಿ ಇನ್ನೂ ಇಬ್ಬರು ಮಲಗಿದ್ದರು. ಒಬ್ಬರು ಏಳಲಿಲ್ಲ.

ಆಮೇಲಿನಿಂದ ಭಾವನದು ಒಂದೇ ಮಾತು: "ಡೈರೀಲಿ ಎಮ್ಮೆ ಹಾಲಿನ ಫ್ಯಾಟು ನಿಂತ ಕಾಲಲ್ಲೇ ಗೊತ್ತಾಗ್ತದೆ. ಮನುಷ್ಯರ ಜ್ವರ ಗೊತ್ತಾಗಕ್ಕೆ ಮನುಷ್ಯರು ಸಾಯ್ಬೇಕಾ?"

ಹಾಗಾಗಿ ಕಾಗದದ ಪರೀಕ್ಷೆಯೂ ಊರಿನ ಡೈರಿಯಲ್ಲೇ. ಈ ವರ್ಷದ ಕಾಯಿಲೆಯ ಕಾಲ ಹತ್ತಿರ ಬಂದಿತ್ತು. ಊರವರ ಕೈಯಲ್ಲಿ ಕಾಗದ ಸರಿಯಾಗಿ ಕೆಲಸ ಮಾಡಿದರೆ ಮಾತ್ರ ಮುಂದೆ ಅದನ್ನು ದೊಡ್ಡ ಪ್ರಯೋಗಾಲಯದ ನಿಜವಾದ ಪರೀಕ್ಷೆಗೆ ಕಳಿಸುವುದು, ಇಲ್ಲದಿದ್ದರೆ ಕೈಬಿಡುವುದು. ಶಿವಮೊಗ್ಗದ ಗೆಳೆಯರು ಹಾಗೆಂದೇ ಬಂದಿದ್ದರು; ನಾನೂ ಬಂದು ಮಾರು ದೂರ ನಿಂತಿದ್ದೆ. ಒಂದು ಸೀಸೆಯಲ್ಲಿ ಕಾಯಿಲೆಯ ಗುರುತಿನ ಅಪಾಯವಿಲ್ಲದ ನಕಲು, ಇನ್ನೊಂದರಲ್ಲಿ ಬರೀ ನೀರು. ಒಂದು ಕಾಗದಕ್ಕೆ ಒಂದೇ ಸೀಸೆಯದು ಎಂದು ಹೇಳಿಸಿಕೊಂಡು, ಹಾಲು ಹಾಕಲು ಬಂದ ಗೌರಕ್ಕ ಎರಡು ಕಾಗದಗಳಿಗೆ ಹನಿ ಹಾಕಿದಳು. ಬೇರೆ ಬೇರೆ ಪೊಟ್ಟಣದಲ್ಲಿ ಅವು ಭಾವನ ಕಂಕುಳು ಸೇರಿದವು. ಕ್ಯಾನುಗಳು ಖಾಲಿಯಾದರೂ ಯಾರೂ ಮನೆಗೆ ಹೋಗಲಿಲ್ಲ.

ಹೊರತೆಗೆದರೆ ಎರಡೂ ನೇರಳೆ! ನೀರಿನದೂ!

ಗೆಳೆಯರು ಮುಖ ಮುಖ ನೋಡಿಕೊಂಡರು. ಭಾವ ನೀರಿನ ಸೀಸೆ ಎತ್ತಿ ಬೆಳಕಿಗೆ ಹಿಡಿದರು. ಆಗ ಗೌರಕ್ಕ ಸೆರಗು ಸರಿಮಾಡಿಕೊಂಡಳು.

"ಮೇಷ್ಟ್ರೇ, ಮದ್ದಿನ ಸೀಸೆದು ನಾನು ಎರಡಕ್ಕೂ ಒಂದೊಂದು ಹನಿ ಹಾಕಿದ್ದೆ. ಪಾಪ, ಅದಕ್ಕೆ ಬರೀ ನೀರು ಕೊಡದು ಹ್ಯಾಂಗೆ? ಒಂದೇ ಸಾಲಲ್ಲಿ ಕೂರಿಸಿ ಪಂಕ್ತಿಭೇದ ಮಾಡಕ್ಕಾಗ್ತದಾ?"

ಡೈರಿಯ ಹೆಂಚು ಹಾರುವಂತೆ ನಕ್ಕರು ಜನ! ಮತ್ತೊಂದು ಕಾಗದಕ್ಕೆ ನೀರು ಮಾತ್ರ ಹಾಕಿಸಿದ್ದಾಯಿತು, ಮತ್ತೆ ಕಂಕುಳು. ಈ ಸಲ ತೆಗೆದಾಗ ಕಾಗದ ಬೆಳ್ಳಗೆ, ಇಟ್ಟ ಹಾಗೇ ಇತ್ತು. ಗೆಳೆಯರು ಭಾವನ ಬೆನ್ನು ತಟ್ಟಿ, "ಕಳಿಸೋಣ ಸಾರ್" ಎಂದರು.

ಜನ ಚದುರಿದರು. ಭಾವ ಮಾತ್ರ ಬೆಂಚಿನ ಮೇಲೆ, ಎಡತೋಳನ್ನು ಮೈಗೆ ಒತ್ತಿಕೊಂಡೇ ಕೂತಿದ್ದರು.

"ಭಾವ, ಆತಲ್ಲ. ಕೈ ಸಡಿಲ ಬಿಡಿ."

"ಜ್ವರದ ಚಳಿ ಬಂದಾಗ ನಿನ್ನಕ್ಕ ಎರಡೂ ಕೈ ಇಲ್ಲೇ ಇಟ್ಕಂಡಿದ್ಲು ಮಾರಾಯ. ಬೆಚ್ಚಗದೆ ಅಂದ್ಲು. ನನ್ನ ಕೈಲಾಗಿದ್ದು ಅಷ್ಟೇ."

ಮಜ್ಜಿಗೆಗೂ ಹೆದರುವ ನಾನು ಪಕ್ಕದಲ್ಲಿ ಕೂತು, ಅಂಗಿಯ ಗುಂಡಿ ಬಿಚ್ಚಿ, ತೋಳೆತ್ತಿದೆ.

"ಮುಂದಿನ ಕಾಗದ ಇಲ್ಲಿ ಕೊಡಿ, ಭಾವ."