ಹವಾಲ್ದಾರರ ಜಪಾನೀ ಊಟ

ಊಟದ ಪಂಕ್ತಿಯಲ್ಲಿ ಆಡುವಷ್ಟು ಸುಳ್ಳನ್ನು ನಾನು ಬೇರೆಲ್ಲೂ ಆಡುವುದಿಲ್ಲ. ನಾನೊಬ್ಬನೇ ಅಲ್ಲ, ಹುಬ್ಬಳ್ಳಿ-ಧಾರವಾಡದ ಮರ್ಯಾದಸ್ಥರೆಲ್ಲ ಹೀಗೆಯೇ. ಬಡಿಸಲು ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು 'ಸಾಕ್ರಿ, ಸಾಕ್ರಿ' ಎನ್ನಬೇಕು. ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬೆರಳ ಸಂದಿಯಿಂದಲೇ ತುಪ್ಪ ಸುರಿಯಬೇಕು. ಮೂರನೆಯ ಸಲ ನಾವು ಸೋತವರಂತೆ ಮಾಡಿ ಉಣ್ಣಬೇಕು. ನಮ್ಮಜ್ಜಿ ಒಮ್ಮೆ ಬೀಗರ ಮನೆಯಲ್ಲಿ ನಿಜವಾಗಿಯೇ ಹೊಟ್ಟೆ ತುಂಬಿ ಸಾಕು ಎಂದಿದ್ದಳಂತೆ. ಯಾರೂ ನಂಬಲಿಲ್ಲ. ಎರಡು ದಿನ ಹಾಸಿಗೆ ಹಿಡಿದಿದ್ದಳು.

ಈ ಪದ್ಧತಿ ಜಪಾನಿನಲ್ಲಿ ಇಲ್ಲವೆಂದು ನನಗೆ ತಿಳಿದದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ನಮ್ಮ ಓಣಿಯ ತುದಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಖಾನಾವಳಿ ತೆರೆದಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಲ್ಟನ್ನಿನ ಜೊತೆ ಒಂದು ವರ್ಷ ಜಪಾನಿನಲ್ಲಿದ್ದು ಬಂದವರು. ಅದಕ್ಕೇ ಬೋರ್ಡಿನ ಮೇಲೆ 'ಜಪಾನೀ ಊಟ' ಎಂದು ಬರೆಸಿದ್ದರು. ಮೀನು ಬೇಯಿಸಿದರೆ ಓಣಿಯವರು ಹೊಸ್ತಿಲು ತುಳಿಯುವುದಿಲ್ಲವೆಂದು ಮೀನನ್ನು ಬಿಟ್ಟರು. ಜಪಾನಿನವರು ಖಾರ ತಿನ್ನುವುದಿಲ್ಲವೆಂದು ಖಾರವನ್ನೂ ಬಿಟ್ಟರು. ಉಳಿದದ್ದು ಅನ್ನ, ಮೂಲಂಗಿ ಮತ್ತು ಶಿಸ್ತು.

ಅಲ್ಲಿಗೆ ನಾನು ನವಲಗುಂದದ ಹತ್ತಿ ವ್ಯಾಪಾರಿ ಬಸಪ್ಪನವರನ್ನು ಊಟಕ್ಕೆ ಕರೆದೊಯ್ದೆ. ಅವರ ಮಗ ನನ್ನ ತಂಗಿ ನೀಲಾಳನ್ನು ನೋಡಿ ಒಪ್ಪಿದ್ದ, ನೀಲಾಳೂ ಒಪ್ಪಿದ್ದಳು. ಬಸಪ್ಪನವರ ಮಾತೊಂದು ಬಾಕಿ ಇತ್ತು. ತಂದೆಯಿಲ್ಲದ ಹುಡುಗಿ, ಮನೆಗೆ ನಾನೇ ಹಿರಿಯ. ಆ ಒಂದು ಮಾತಿಗಾಗಿ ವಾರದಿಂದ ನನ್ನ ಜೀವ ಹಿಡಿಯಷ್ಟಾಗಿತ್ತು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ತಾನೇ ರೊಟ್ಟಿ ಮಾಡುತ್ತೇನೆಂದು ನೀಲಾ ಹೇಳಿದಾಗ, ರೊಟ್ಟಿ ಅವರ ಊರಿನಲ್ಲಿ ಸಿಗುವುದಿಲ್ಲವೇ ಎಂದು ಬಾಯಿ ಮುಚ್ಚಿಸಿದೆ. ಜಪಾನ್ ತೋರಿಸಿದರೆ ನಮ್ಮದು ಸುಧಾರಿಸಿದ ಮನೆತನವೆಂದು ತಿಳಿದಾರು ಎಂಬ ಜಂಬ ನನಗೆ.

ಹವಾಲ್ದಾರರು ನಡು ಬಗ್ಗಿಸಿ ನಮಸ್ಕರಿಸಿ, ಅಂಗೈಯಗಲದ ಬಟ್ಟಲಿನಲ್ಲಿ ಅನ್ನ, ನಾಲ್ಕು ಹೋಳು ಮೂಲಂಗಿ, ತಳ ಕಾಣುವ ಸಾರು ತಂದಿಟ್ಟರು. ಇದು ರುಚಿ ನೋಡಲು ಕೊಟ್ಟದ್ದೆಂದು ತಿಳಿದ ಬಸಪ್ಪನವರು ಎರಡು ತುತ್ತಿನಲ್ಲಿ ಮುಗಿಸಿ ಊಟಕ್ಕೆ ಕಾದರು. ಇನ್ನಷ್ಟು ಅನ್ನ ಹಾಕಲೇ ಎಂದು ಹವಾಲ್ದಾರರು ಕೇಳಿದರು. ಬಸಪ್ಪನವರು ಬಟ್ಟಲಿಗೆ ಕೈ ಅಡ್ಡ ಹಿಡಿದು ಸಾಕೆಂದರು. ಅವರು ಸಾಕೆಂದ ಮೇಲೆ ನಾನು ಬೇಕೆನ್ನುವುದು ಹೇಗೆ? ನಾನೂ ಸಾಕೆಂದೆ. ಹವಾಲ್ದಾರರು ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ಒಳಗೆ ಒಯ್ದರು. ಬಸಪ್ಪನವರ ಕೈ ಇನ್ನೂ ಬಟ್ಟಲಿನ ಮೇಲೆಯೇ ಇತ್ತು. ನಾನು ಎದ್ದು ಒಳಗೆ ಹೋಗಿ, ಇನ್ನೆರಡು ಸಲ ಒತ್ತಾಯ ಮಾಡಬೇಕೆಂದು ಪಿಸುಗುಟ್ಟಿದೆ.

“ಜಪಾನಿನಾಗ ಸಾಕಂದ್ರ ಸಾಕ್ರಿ,” ಎಂದರು ಹವಾಲ್ದಾರರು. “ಮತ್ತ ಕೇಳಿದ್ರ ಅವರು ಸುಳ್ಳು ಹೇಳ್ಯಾರ ಅಂದಂಗ ಆಗತೈತಿ.”

ಇಬ್ಬರೂ ಮನೆಗೆ ಬಂದೆವು. ನನ್ನ ಮಾತು ಕೇಳದೆ ನೀಲಾ ಒಲೆ ಹಚ್ಚಿಯೇ ಇದ್ದಳು. ನಮ್ಮ ಮುಖ ನೋಡಿದವಳು ಊಟವಾಯಿತೇ ಎಂದು ಸಹ ಕೇಳಲಿಲ್ಲ. ತಾಟು ಇಟ್ಟು ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಬಸಪ್ಪನವರು ಐದು ಸಲ ಬೇಡವೆಂದರು, ಐದು ರೊಟ್ಟಿ ಉಂಡರು. ನಾನು ಮಾತ್ರ ಜಪಾನಿನ ಮಾನ ಉಳಿಸಲೆಂದು, ಹೊಟ್ಟೆ ಭಾರವಾಗಿದೆ ಎಂದು ದೂರ ಕೂತೆ. ಎಲೆ-ಅಡಿಕೆ ಹಾಕಿಕೊಂಡು ಬಸಪ್ಪನವರು ಗಂಟಲು ಸರಿಮಾಡಿಕೊಂಡರು.

“ಹುಡುಗಿ ನಮಗ ಒಪ್ಪಿಗಿ ಐತ್ರಿ. ಲಗ್ನದ ಊಟದ ಉಸಾಬರಿ ಮಾತ್ರ ನಮಗ ಬಿಡ್ರಿ.”

ನಮ್ಮಲ್ಲಿ ಮದುವೆಯ ಊಟ ಹೆಣ್ಣಿನವರದು. ಇಂಥ ಮಾತಿಗೆ ಮರ್ಯಾದಸ್ಥ ಅಣ್ಣನಾದವನು ಮೂರು ಸಲವಾದರೂ ಛೆ ಛೆ ಎನ್ನಬೇಕು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸಂತೋಷಕ್ಕೋ ಹಸಿವಿಗೋ ತಿಳಿಯದು. ಮೊದಲನೆಯ ಸಲಕ್ಕೇ 'ಆಗಲಿ' ಎಂದುಬಿಟ್ಟೆ. ಒತ್ತಾಯ ಮಾಡಲೆಂದು ಬಾಯಿ ತೆರೆದಿದ್ದ ಬಸಪ್ಪನವರು ಹಾಗೆಯೇ ಮುಚ್ಚಿಕೊಂಡರು.