ನನ್ನ ಎಡಗೆನ್ನೆಯ ಬಂಗು, ನಮ್ಮ ಮನೆಯವರ ಮಿರ್ಚಿ

ಇಪ್ಪತ್ತೊಂದೇ ದಿನ. ಇಪ್ಪತ್ತೆರಡನೆಯ ದಿನ ನನ್ನ ಮುಖದ ಮೇಲೆ ಬಂಗು ಎಂಬ ಪದಾರ್ಥದ ಗುರುತೂ ಉಳಿಯಕೂಡದು! ಹೀಗೆಂದು ದಾವಣಗೆರೆಯ ಆನೆಕೊಂಡದ ನೇತ್ರಾವತಿಯಾದ ನಾನು, ಹೈಸ್ಕೂಲಿನ ವಿಜ್ಞಾನದ ಟೀಚರು, ಒಲೆಯ ಮುಂದೆ ಲಟ್ಟಣಿಗೆ ಎತ್ತಿ ಹಿಡಿದು ಘೋರ ಪ್ರತಿಜ್ಞೆ ಮಾಡಿದೆ. ಸಾಕ್ಷಿಯಾಗಿ ಕುಕ್ಕರ್ ಮೂರು ಸಲ ಕೂಗಿತು.

ಪ್ರತಿಜ್ಞೆಗೆ ಕಾರಣ ಚೌಡೇಶ್. ಅವರು ನಮ್ಮ ಶಾಲೆಯ ಪಿ.ಇ. ಮಾಸ್ತರು. ಬಹಳ ಒಳ್ಳೆಯ ಮನುಷ್ಯ, ತೊಂದರೆಯೇ ಅದು. ಹೋದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಚೆನ್ನಾಗಿ ಬಂತೆಂದು ಶಾಲೆಯ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದ್ದರು. ಅದರಲ್ಲಿ ನನ್ನ ಮುಖ ಮೊರದಷ್ಟು ದೊಡ್ಡದಿತ್ತು, ಎಡಗೆನ್ನೆಯ ಬಂಗು ಅಂಗೈ ಅಗಲ. ಬೆಳಗಿನ ಪ್ರಾರ್ಥನೆಗೆ ನಿಂತ ಮುನ್ನೂರು ಮಕ್ಕಳ ಎದುರಿಗೆ ಚೌಡೇಶ್ ಒದ್ದೆ ಬಟ್ಟೆ ತಂದು, ಸ್ಟೂಲು ಹತ್ತಿ, ನನ್ನ ಕೆನ್ನೆಯನ್ನು ಗಸಗಸ ಉಜ್ಜತೊಡಗಿದರು. ಪಕ್ಕದಲ್ಲೇ ನಿಂತಿದ್ದ ನನಗೆ ಸಮಾಧಾನವನ್ನೂ ಹೇಳಿದರು.

"ಇಂಕ್ ಬಿದ್ದೈತ್ರಿ ಮೇಡಂ, ಹೋಗ್ತೈತೆ ಬಿಡ್ರಿ."

ಹೋಗಲಿಲ್ಲ. ಸೋಪಿನ ಪುಡಿ ತರಿಸಿದರು. ಆಗಲೂ ಹೋಗಲಿಲ್ಲ. ಆಮೇಲೆ ಒಮ್ಮೆ ಫ್ಲೆಕ್ಸ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಸ್ಟೂಲಿನಿಂದ ಇಳಿದು ನೇರವಾಗಿ ಮೈದಾನದ ಆಚೆ ತುದಿಗೆ ಹೋಗಿಬಿಟ್ಟರು. ನಾನು ಒಂದು ವಾರ ಅವರನ್ನು ಮಾತಾಡಿಸಲಿಲ್ಲ. ಆಮೇಲೆ ಮಾತಾಡಿಸಿದಾಗ ಚೆನ್ನಾಗಿ ಬೈದೆ.

ಈ ವರ್ಷ ಶಾಲೆಯ ಸುವರ್ಣ ಮಹೋತ್ಸವ. ಫ್ಲೆಕ್ಸ್ ಹೋದ ಸಲದ ಎರಡರಷ್ಟು! ಫೋಟೋ ತೆಗೆಯಲು ಉಳಿದದ್ದು ಇಪ್ಪತ್ತೆರಡು ದಿನ.

ಮೊದಲು ಚರ್ಮದ ಡಾಕ್ಟರ ಬಳಿ ಹೋದೆ. ಅವರು ಬಿಸಿಲಿನ ವಿಷಯ ಕೇಳಿದರು, ಸನ್‌ಸ್ಕ್ರೀನ್ ಬರೆದರು, ಒಂದು ಕ್ರೀಮು ಬರೆದರು. ಆಮೇಲೆ ದಿನಕ್ಕೆ ಎಷ್ಟು ಹೊತ್ತು ಒಲೆಯ ಮುಂದೆ ನಿಲ್ಲುತ್ತೀರಿ ಎಂದು ಕೇಳಿದರು. ಬೆಳಗಿನ ರೊಟ್ಟಿ, ಮೂವರ ಊಟದ ಡಬ್ಬಿ, ಅತ್ತೆಯ ಗಂಜಿ, ಸಂಜೆಯ ಚಹಾ ಎಂದು ಪಟ್ಟಿ ಕೊಡುತ್ತಿದ್ದೆ. ರಾತ್ರಿಯ ಅಡುಗೆಗೆ ಬರುವ ಮೊದಲೇ ಅವರು ಪೆನ್ನು ಕೆಳಗಿಟ್ಟು, ಆ ಬಿಸಿಗೂ ಬಂಗು ಹೆಚ್ಚಾಗುತ್ತದೆ, ಒಲೆಯಿಂದ ದೂರವಿರಿ ಎಂದರು.

ಈ ಸಂಗತಿಯನ್ನು ನನ್ನ ಗಂಡ ಬಸವಪ್ರಭು ಅವರಿಗೆ ಹೇಳಿದೆ. ಅವರು ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಯಂತ್ರಗಳ ಉಷ್ಣತೆ ನೋಡಿಕೊಳ್ಳುವ ಮನುಷ್ಯ. ಹೆಂಡತಿಯ ಉಷ್ಣತೆಯ ಸಮಸ್ಯೆಯನ್ನೂ ಒಂದೇ ದಿನದಲ್ಲಿ ಬಗೆಹರಿಸಿದರು: ಅಡುಗೆಮನೆಗೆ ಟೇಬಲ್ ಫ್ಯಾನ್ ತಂದರು. ಫ್ಯಾನ್ ಹಾಕಿದೊಡನೆ ಒಲೆ ಆರಿತು. ಒಲೆಯ ಕ್ಷೇಮಕ್ಕಾಗಿ ಅದನ್ನು ತಮ್ಮ ಕುರ್ಚಿಯ ಮುಂದೆ ಇಟ್ಟುಕೊಂಡರು.

ಸರಿ, ಒಲೆ ಬಿಡುವಂತಿಲ್ಲ, ಬಂಗು ಬಿಡುತ್ತಿಲ್ಲ. ಡಾಕ್ಟರ ಕ್ರೀಮಿಗೇ ನಿಂತರೆ ನಾನು ವಿಜ್ಞಾನದ ಟೀಚರೇ? ಪಿಯುಸಿ ಓದುವ ಮಗಳು ಕೀರ್ತನಾ ಬೇಡವೆಂದರೂ ಕೇಳದೆ ನನ್ನದೇ ಸಂಶೋಧನೆ ಶುರುಮಾಡಿದೆ. ಕಡಲೆ ಹಿಟ್ಟು, ಮಸೂರ ಬೇಳೆ, ಒಣಗಿಸಿದ ಕಿತ್ತಳೆ ಸಿಪ್ಪೆ, ಕಸ್ತೂರಿ ಅರಿಶಿನ, ಎಲ್ಲವನ್ನೂ ಪುಡಿ ಮಾಡಿ ಒಂದು ಡಬ್ಬಿಯಲ್ಲಿ ತುಂಬಿಟ್ಟೆ. ಪಕ್ಕದ ಡಬ್ಬಿಯಲ್ಲಿ ಮುಲ್ತಾನಿ ಮಿಟ್ಟಿ. ಹಾಲಿನಲ್ಲಿ ಕಲಸಿ ಮುಖಕ್ಕೆ ಮೆತ್ತಿಕೊಂಡು ಇಪ್ಪತ್ತು ನಿಮಿಷ ಕೂರಬೇಕು. ನಿಯಮ ಒಂದೇ: ಮಾತಾಡಕೂಡದು. ಮಾತಾಡಿದರೆ ಲೇಪ ಬಿರುಕು ಬಿಡುತ್ತದೆ.

ಆಗ ಗೊತ್ತಾಯಿತು ನೋಡಿ, ನಮ್ಮ ಮನೆ ನಡೆಯುತ್ತಿರುವುದು ಕರೆಂಟಿನಿಂದಲ್ಲ, ನನ್ನ ಬಾಯಿಯಿಂದ! ಮೊದಲ ದಿನದ ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಪ್ರಶ್ನೆ ಬಂದವು. ಟವೆಲ್ ಎಲ್ಲಿ, ಗಾಡಿ ಕೀ ಎಲ್ಲಿ, ಹಾಲಿನವನಿಗೆ ಎಷ್ಟು ಲೀಟರ್ ಹೇಳಲಿ. ಅತ್ತೆ ಮೈಲಮ್ಮ ಬಂದು, ತಾನು ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ನನ್ನನ್ನು ಕೇಳಿದರು. ಎಲ್ಲದಕ್ಕೂ ಕೈಸನ್ನೆಯಲ್ಲೇ ಉತ್ತರ ಕೊಟ್ಟೆ. ವಾರ ಕಳೆಯುವುದರಲ್ಲಿ ನನ್ನ ಬೆರಳುಗಳು ನಾಟ್ಯಕ್ಕೆ ತಯಾರಾಗಿದ್ದವು, ಬಂಗು ಮಾತ್ರ ಕೂತಲ್ಲೇ ಕೂತಿತ್ತು.

ಇಪ್ಪತ್ತನೆಯ ದಿನ ಭಾನುವಾರ. ಮಂಗಳವಾರ ಫೋಟೋ. ಬೆಳಿಗ್ಗೆ ಹನ್ನೊಂದಕ್ಕೆ ಲೇಪ ಮೆತ್ತಿಕೊಂಡು ಕೋಣೆಯಲ್ಲಿ ಕೂತಿದ್ದೆ, ಹೊರಗೆ ಕಾರು ನಿಂತಿತು. ನಮ್ಮ ಮನೆಯವರ ಮೇಲಧಿಕಾರಿ ಅಂಜನಕುಮಾರ್, ಅವರ ಹೆಂಡತಿ ಸುನೀತಾ. ಹರಿಹರದಿಂದ ಬಟ್ಟೆ ಕೊಳ್ಳಲು ದಾವಣಗೆರೆಗೆ ಬಂದವರು, ಇಲ್ಲೇ ಇದೆಯಲ್ಲ ಮನೆ ಎಂದು ನುಗ್ಗಿದ್ದರು.

ನಮ್ಮೂರಲ್ಲಿ ಮನೆಗೆ ಬಂದವರಿಗೆ ಮಂಡಕ್ಕಿ ಕೊಡಬೇಕು, ಮಂಡಕ್ಕಿ ಕೊಟ್ಟರೆ ಜೊತೆಗೆ ಬಿಸಿ ಮಿರ್ಚಿ ಬಜ್ಜಿ ಕೊಡಲೇಬೇಕು. ಮೂಲೆಯ ಮಿರ್ಚಿ ಅಂಗಡಿ ತೆಗೆಯುವುದು ಸಂಜೆಗೆ. ಬಸವಪ್ರಭು ಕೋಣೆಗೆ ಓಡಿ ಬಂದರು. ನಾನು ಲೇಪದ ಕಡೆ ಬೆರಳು ತೋರಿಸಿ, ಹತ್ತು ಬೆರಳು ಎತ್ತಿ, ಮತ್ತೆ ಐದು ಎತ್ತಿದೆ. ಇನ್ನೂ ಹದಿನೈದು ನಿಮಿಷ! ನಡುಮನೆಯಿಂದ ಅತ್ತೆಯ ದನಿ ಬಂತು. "ನೀನಾ ಕರಿ ಹೋಗಪ್ಪ. ಮಿರ್ಚಿ ಕರಿಯಾಕೆ ಇಂಜಿನಿಯರ್ ಓದ್ಬೇಕೇನು?"

ಅವರು ಇಂಜಿನಿಯರೇ ಓದಿದ್ದಾರೆ. ಆದರೂ ಧೈರ್ಯ ಮಾಡಿದರು.

"ಕಡ್ಲೆ ಹಿಟ್ಟು ಎಲ್ಲೈತೆ?"

ನಮ್ಮ ಅಡುಗೆಮನೆಯ ಡಬ್ಬಿಗಳ ಗುಟ್ಟನ್ನು ಇಲ್ಲಿ ಹೇಳಲೇಬೇಕು. ಯಾವ ಡಬ್ಬಿಯ ಮೇಲೆ ಏನು ಬರೆದಿದೆಯೋ ಅದು ಒಳಗಿರುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಸಾಸಿವೆ, ಟೀ ಎಂದು ಬರೆದದ್ದರಲ್ಲಿ ರವೆ. ಹತ್ತೊಂಬತ್ತು ವರ್ಷದಿಂದ ಆ ನಕಾಶೆ ಇರುವುದು ನನ್ನ ತಲೆಯಲ್ಲಿ ಮಾತ್ರ. ಹಾಗಾಗಿ ಮೂರು ಬೆರಳು ತೋರಿಸಿದೆ, ಮೂರನೆಯ ಡಬ್ಬಿ. ಗರಿಗರಿ ಬರಲು ಅಕ್ಕಿ ಹಿಟ್ಟು ಎಂದು ಅತ್ತೆ ಕೂಗಿದ್ದಕ್ಕೆ ನಾಲ್ಕು ಬೆರಳು ತೋರಿಸಿದೆ, ಅದರ ಪಕ್ಕದ್ದು.

ಮುಂದಿನ ಹದಿನೈದು ನಿಮಿಷ ನನ್ನ ದಾಂಪತ್ಯದಲ್ಲೇ ಅತ್ಯಂತ ಸುಖದ ಹದಿನೈದು ನಿಮಿಷ. ಯಾರೂ ಏನೂ ಕೇಳಲಿಲ್ಲ. ಎಣ್ಣೆ ಚುರ್ ಎಂದ ಸದ್ದು ಬಂತು, ನಾನು ಒಲೆಯ ಹತ್ತಿರ ಇರಲಿಲ್ಲ! ಕಣ್ಣು ಮುಚ್ಚಿ ಫ್ಲೆಕ್ಸಿನ ಮೇಲಿನ ನನ್ನ ಬೆಳದಿಂಗಳಂಥ ಮುಖವನ್ನು ನೆನೆಸಿಕೊಂಡೆ. ಆಮೇಲೆ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ನಗುತ್ತಾ ಹೊರಬಂದೆ.

ಮನೆಯೆಲ್ಲ ಕಿತ್ತಳೆಯ ಪರಿಮಳ!

ಅಡುಗೆಮನೆಗೆ ಇಣುಕಿದೆ. ನಾನು ಎಣಿಸಿದ್ದು ಎಡದಿಂದ. ಅವರು ಎಣಿಸಿದ್ದು ಬಲದಿಂದ. ಅವರದೂ ತಪ್ಪಿಲ್ಲ, ಅಡುಗೆಮನೆಯನ್ನು ಅವರು ನೋಡಿರುವುದೇ ಬಾಗಿಲಲ್ಲಿ ನಿಂತು, ಬಾಗಿಲಿರುವುದು ಬಲಕ್ಕೆ. ಬಲದಿಂದ ಮೂರನೆಯದು ನನ್ನ ಮುಖದ ಪುಡಿ. ಖಾಲಿ ಡಬ್ಬಿ ಅಂಗಾತ ಬಿದ್ದಿತ್ತು.

ಓಡಿಹೋಗಿ ತಡೆಯೋಣವೆಂದರೆ ಅಂಜನಕುಮಾರ್ ಅವರ ಕೈಯಲ್ಲಿ ನಾಲ್ಕನೆಯ ಮಿರ್ಚಿ. ಕಡಲೆ, ಬೇಳೆ, ಸಿಪ್ಪೆ, ಅರಿಶಿನ, ಎಲ್ಲವೂ ತಿನ್ನುವಂಥದ್ದೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಉಸಿರುಬಿಟ್ಟೆ. ಕೀರ್ತನಾ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಅಮ್ಮ, ಬಲದಿಂದ ನಾಲ್ಕನೇದು ಏನೈತೆ ನೆನಪು ಮಾಡ್ಕೋ."

ಅದೇ ಹೊತ್ತಿಗೆ ನಮ್ಮ ಮನೆಯವರು ಅತಿಥಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. "ಗರಿಗರಿ ಬರ್ಲಿ ಅಂತ ಒಂದು ಹಿಡಿ ಅಕ್ಕಿ ಹಿಟ್ಟೂ ಹಾಕೀನಿ ಸರ್."

ಅಕ್ಕಿ ಹಿಟ್ಟಲ್ಲ, ಮಣ್ಣು! ಹರಿಹರದ ಮೇಲಧಿಕಾರಿ ನಮ್ಮ ಮನೆಯಲ್ಲಿ ಕೂತು ಮುಲ್ತಾನಿ ಮಿಟ್ಟಿಯನ್ನು ಚಪ್ಪರಿಸುತ್ತಿದ್ದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸುನೀತಾ ಅಂದರು, "ಇಂಥ ಮಿರ್ಚಿ ನಾ ಎಲ್ಲೂ ತಿಂದಿಲ್ರಿ. ನಿಮ್ಮ ಯಜಮಾನ್ರ ಕೈಯಾಗೆ ಏನೋ ಐತೆ ಬಿಡ್ರಿ." ಬಸವಪ್ರಭು ಎದೆ ಉಬ್ಬಿಸಿ, ಇನ್ನೊಂದು ಒಬ್ಬೆ ಕರಿಯಲು ತಾವಾಗಿಯೇ ಅಡುಗೆಮನೆಗೆ ನಡೆದರು.

ತಾವಾಗಿಯೇ! ನಾನು ಬಾಯಿ ಮುಚ್ಚಿದೆ. ನಿಜ ಹೇಳಿದರೆ ಈ ಮನುಷ್ಯ ಇನ್ನೂ ಹತ್ತೊಂಬತ್ತು ವರ್ಷ ಒಲೆಯ ಕಡೆ ಸುಳಿಯುವುದಿಲ್ಲ. ಅತಿಥಿಗಳು ಹೋದ ಮೇಲೆ ಎರಡು ದಿನ ಅವರ ಆರೋಗ್ಯ ವಿಚಾರಿಸಿಕೊಂಡೆ. ಏನೂ ಆಗಿರಲಿಲ್ಲ. ಹೊಟ್ಟೆ ಹಗುರವಾಗಿದೆ ಎಂದು ವರದಿ ಬಂತು.

ನನ್ನ ಇಪ್ಪತ್ತೊಂದನೆಯ ದಿನದ ಲೇಪವನ್ನು ಮಾತ್ರ ಹರಿಹರ ತಿಂದಿತ್ತು. ಮಂಗಳವಾರ ಬಂಗಿನ ಸಮೇತ ಫೋಟೋ ತೆಗೆಸಿಕೊಂಡೆ. ಫ್ಲೆಕ್ಸ್ ಅಂಗಡಿಯ ಇಮ್ರಾನ್ ಕಂಪ್ಯೂಟರಿನ ಮುಂದೆ ಕೂರಿಸಿ ತೋರಿಸಿದ. ಮೂರೇ ನಿಮಿಷ, ಬಂಗು ಮಾಯ! ಹೆಣ್ಣಿನ ಮುಖ ಹೇಗಿದೆಯೋ ಹಾಗೇ ಇರಲಿ ಎಂದು ಸ್ಟಾಫ್ ರೂಮಿನಲ್ಲಿ ಎರಡು ಸಲ ಭಾಷಣ ಮಾಡಿದವಳು ನಾನು. ಅತ್ತಿತ್ತ ನೋಡಿದೆ. ಶಾಲೆಯವರು ಯಾರೂ ಇರಲಿಲ್ಲ. "ಇರ್ಲಿ ಬಿಡಪ್ಪ," ಅಂದೆ.

ಅಷ್ಟರಲ್ಲಿ ಬಸವಪ್ರಭು ಅವರ ಕೈರುಚಿಯ ಕೀರ್ತಿ ಹರಿಹರದಿಂದ ತಿರುಗಿ ದಾವಣಗೆರೆಗೆ ಬಂದಿತ್ತು. ಸುವರ್ಣ ಮಹೋತ್ಸವಕ್ಕೆ ಮಿರ್ಚಿ ತಮ್ಮದೇ ಎಂದು ಅವರು ಹೆಡ್‌ಮಾಸ್ಟರಿಗೆ ಮಾತು ಕೊಟ್ಟರು. ನನಗೆ ಹೇಳಿದ್ದು ಇಷ್ಟೇ: "ಹಿಟ್ಟು ನೀನು ರೆಡಿ ಮಾಡಿಡು. ಕರಿಯೋದೆಲ್ಲ ನಾನು." ನಾನೂರು ಜನಕ್ಕೆ! ಒಂದು ವಾರ ಕಿತ್ತಳೆ ಸುಲಿದೆ, ಒಣಗಿಸಿದೆ, ಬೀಸಿದೆ. ಮಣ್ಣೊಂದನ್ನು ಬಿಟ್ಟು ನನ್ನ ಸೌಂದರ್ಯವೆಲ್ಲ ಬಕೆಟ್ಟು ಸೇರಿತು.

ಮಹೋತ್ಸವದ ದಿನ ಬೆಳಿಗ್ಗೆ ನನ್ನ ಮುಖ ಶಾಲೆಯ ಗೇಟಿನಲ್ಲಿ ಹಾಲಿನಂತೆ ಹೊಳೆಯುತ್ತಿತ್ತು. ನಾನು ಒಳಗೆ ಸ್ವಾಗತ, ಹಾರ, ಮೈಕಿನ ಗಡಿಬಿಡಿಯಲ್ಲಿದ್ದೆ. ನಮ್ಮ ಮನೆಯವರು ನೆರಳು ಚೆನ್ನಾಗಿದೆಯೆಂದು ಫ್ಲೆಕ್ಸಿನ ಬುಡದಲ್ಲೇ ಸೌದೆ ಒಲೆ ಹೂಡಿ, ಮೂರು ತಾಸು ಮಿರ್ಚಿ ಕರಿದು, ಚಪ್ಪಾಳೆ ಗಿಟ್ಟಿಸಿದರು. ಸಂಜೆ ಹೊರಗೆ ಬಂದು ತಲೆಯೆತ್ತಿ ನೋಡಿದೆ. ಒಲೆಯ ಹೊಗೆ ನೇರವಾಗಿ ಮೇಲೇರಿ ನನ್ನ ಎಡಗೆನ್ನೆಗೇ ಬಡಿದಿತ್ತು. ಅಂಗೈ ಅಗಲದ ಕಪ್ಪು ಕಲೆ!

ಚೌಡೇಶ್ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಮಿರ್ಚಿ, ಹೆಗಲ ಮೇಲೆ ಒದ್ದೆ ಬಟ್ಟೆ.

"ಮಾಸ್ತರೇ, ಮಧ್ಯಾಹ್ನದಿಂದ ಇಲ್ಲೇ ಇದ್ರಲ್ಲ. ಅದನ್ನ ಒರೆಸಬಾರದಿತ್ತಾ?"

ಅವರು ಎದ್ದು ನಿಂತು, ಬಹಳ ಗೌರವದಿಂದ ಹೇಳಿದರು.

"ಹುಡುಗ್ರು ಒರಸಾಕೆ ಬಂದಿದ್ರು ಮೇಡಂ. ನಾನಾ ಬೈದು ಕಳಿಸೀನಿ. ಅದು ನಮ್ಮ ಮೇಡಂದೇ ಐತೆ, ಯಾರೂ ಮುಟ್ಟಬ್ಯಾಡ್ರಿ ಅಂತ."